ಗಿಡಕ್ಕೆ ಕಾಲಿಲ್ಲ, ಓಡೋದು ಹೇಗೆ? ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡಮರಗಳ ವಿಷಯ ಮಾತಾಡಲು ಶಾಲೆಗಳಿಗೆ ಹೋಗುತ್ತಿರುತ್ತೇನೆ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಜಾಸ್ತಿ, ಅಪರೂಪಕ್ಕೆ ಬೆಂಗಳೂರು. ನನ್ನ ಮಾತು ಮುಗಿಯುವ ಮೊದಲೇ ಕೈಗಳು ಮೇಲೇಳುತ್ತವೆ. ಉಳಿದ ಪ್ರಶ್ನೆಗಳು ಆಮೇಲೆ ಚೀಟಿಯಲ್ಲಿ, ಪತ್ರದಲ್ಲಿ, ಅಮ್ಮಂದಿರ ವಾಟ್ಸಾಪ್‌ನಲ್ಲಿ ಬರುತ್ತವೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದ ಹಾಗೇ ಇಟ್ಟಿದ್ದೇನೆ, ತಿದ್ದಲು ಹೋಗಿಲ್ಲ. ಒಂದು, ಎರಡನೇ ಕ್ಲಾಸಿನವರಿಗೆ ಯಾರಾದರೂ ಓದಿ ಹೇಳಿದರೆ ಸಾಕು.

## ಮೊದಮೊದಲ ಪ್ರಶ್ನೆಗಳು

ಪರಿಸರ ಬದಲಾಗೋದು ಅಂದ್ರೆ ಏನು? ದಿನಾ ಬದಲಾಗ್ತಾನೇ ಇರುತ್ತಲ್ಲ?

ಹೌದು, ಇವತ್ತು ಮಳೆ, ನಾಳೆ ಬಿಸಿಲು. ಅದು ಗಿಡಗಳಿಗೆ ಹೊಸದೇನಲ್ಲ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ರೋಹಿಣಿ ಮಳೆ ಯಾವಾಗ, ಮೃಗಶಿರ ಮಳೆ ಯಾವಾಗ ಅಂತ ಅವರಿಗೆ ಬಾಯಿಪಾಠ. ಗಿಡಗಳಿಗೂ ಅಂಥದೇ ಒಂದು ಲೆಕ್ಕ ಇರುತ್ತದೆ. ಎಷ್ಟೋ ಸಾವಿರ ವರ್ಷ ಒಂದು ಜಾಗದಲ್ಲಿದ್ದು ಅಲ್ಲಿನ ಮಳೆ, ಚಳಿ, ಮಣ್ಣಿಗೆ ಒಗ್ಗಿಕೊಂಡಿರುತ್ತವೆ. ಆ ಲೆಕ್ಕವೇ ತಪ್ಪತೊಡಗಿದರೆ ಅದನ್ನು ಪರಿಸರ ಬದಲಾವಣೆ ಅನ್ನುತ್ತೇವೆ.

ಭೂಮಿ ಸುಮಾರು 150 ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ಒಂದು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ. ಆದರೆ ಬಿಸಿಯೊಂದೇ ಬದಲಾವಣೆ ಅಲ್ಲ. ಹೊಳೆಗೆ ಅಣೆಕಟ್ಟು ಬಂದರೂ ಬದಲಾವಣೆಯೇ. ಕೆರೆ ಮುಚ್ಚಿ ಸೈಟ್ ಮಾಡಿದರೂ, ಕಾಡಿನ ನಡುವೆ ಅಗಲ ರಸ್ತೆ ಬಂದರೂ ಅಷ್ಟೇ.

ಬಿಸಿಲು ಗಿಡಕ್ಕೆ ಊಟ ಅಂತ ಟೀಚರ್ ಹೇಳಿದ್ರು. ಬಿಸಿಲು ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?

ಬಿಸಿಲನ್ನು ಊಟ ಅನ್ನುವ ಬದಲು ಒಲೆ ಅಂದುಕೊಳ್ಳಿ. ಉರಿ ಎಷ್ಟು ದೊಡ್ಡದಿದ್ದರೂ ಪಾತ್ರೆಯಲ್ಲಿ ಅಕ್ಕಿ, ನೀರು ಇಲ್ಲದಿದ್ದರೆ ಅನ್ನ ಆಗುವುದಿಲ್ಲ, ಪಾತ್ರೆ ಸೀಯುತ್ತದೆ.

ಎಲೆಯಲ್ಲಿ, ಅದರಲ್ಲೂ ಅಡಿಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ದೊಡ್ಡ ಕ್ಲಾಸಿಗೆ ಹೋದಾಗ ಅವನ್ನು ಪತ್ರರಂಧ್ರ ಅಂತ ಓದುತ್ತೀರಿ. ಗಿಡ ಗಾಳಿ ಒಳಗೆಳೆದುಕೊಳ್ಳುವುದು ಅಲ್ಲಿಂದಲೇ. ಆದರೆ ಬಾಯಿ ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇಕಿದ್ದರೆ ದಾಸವಾಳದ ಒಂದು ಟೊಂಗೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಿಸಿಲಲ್ಲಿ ಬಿಡಿ. ಮಧ್ಯಾಹ್ನದ ಹೊತ್ತಿಗೆ ಕವರಿನ ಒಳಗೆ ಹನಿ ಕಾಣುತ್ತದೆ. (ನೋಡಿದ ಮೇಲೆ ಕವರ್ ಬಿಚ್ಚಲು ಮರೆಯಬೇಡಿ.)

ಬಿಸಿ ತೀರಾ ಜಾಸ್ತಿಯಾಗಿ ಮಣ್ಣಿನಲ್ಲಿ ನೀರು ಕಡಿಮೆಯಾದರೆ ಗಿಡ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ನೀರು ಉಳಿಯುತ್ತದೆ, ಅಡುಗೆ ನಿಲ್ಲುತ್ತದೆ. ಒಂದೆರಡು ದಿನವಾದರೆ ಪರವಾಗಿಲ್ಲ. ವಾರಗಟ್ಟಲೆ ಹೀಗಾದರೆ ಗಿಡ ಸುತ್ತ ಬಿಸಿಲಿದ್ದೂ ಹಸಿದಿರುತ್ತದೆ.

ಅಷ್ಟು ಕಷ್ಟ ಇದ್ರೆ ಗಿಡ ಯಾಕೆ ಬೇರೆ ಕಡೆ ಹೋಗಲ್ಲ?

ಈ ಪ್ರಶ್ನೆ ಕೇಳಿದವಳು ಎರಡನೇ ಕ್ಲಾಸಿನ ಹುಡುಗಿ. ನನಗಂತೂ ಇಡೀ ವಿಷಯ ಇದರೊಳಗೇ ಇದೆ ಅನ್ನಿಸುತ್ತದೆ.

ಮರಕ್ಕೆ ಕಾಲಿಲ್ಲ, ಆದರೆ ಬೀಜಕ್ಕೆ ಇದೆ. ಸ್ವಂತ ಕಾಲಲ್ಲ, ಬಾಡಿಗೆ ಕಾಲು! ಎಕ್ಕದ ಬೀಜ ಹತ್ತಿಯಂಥ ಎಳೆ ಹಿಡಿದು ಗಾಳಿಯಲ್ಲಿ ತೇಲುತ್ತದೆ. ತೆಂಗಿನಕಾಯಿ ನೀರಿನಲ್ಲಿ ಈಜುತ್ತದೆ. ನೇರಳೆ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಕೂತು ಹೋಗುತ್ತದೆ. ಉತ್ತರಾಣಿ ನಿಮ್ಮ ಯೂನಿಫಾರ್ಮ್‌ಗೇ ಅಂಟಿಕೊಂಡು ಶಾಲೆಯವರೆಗೆ ಬರುತ್ತದೆ.

ಹೀಗೆ ಒಂದು ಜಾತಿಯ ಗಿಡಗಳು ಅಜ್ಜಿಯಿಂದ ಅಮ್ಮ, ಅಮ್ಮನಿಂದ ಮಗಳು ಅಂತ ನಿಧಾನಕ್ಕೆ ಜಾಗ ಬದಲಿಸುತ್ತವೆ. ತೊಂದರೆ ಇರುವುದು ಇಲ್ಲೇ. ಕಾಡಿನ ದೊಡ್ಡ ಮರ ಕಾಯಿ ಬಿಡಲು ಎಷ್ಟೋ ವರ್ಷ ಬೇಕು. ಅದರ ಬೀಜ ಹೋಗಿ ಬೀಳುವಲ್ಲಿ ರಸ್ತೆ ಇರಬಹುದು, ಮನೆ ಇರಬಹುದು. ಹೊತ್ತುಕೊಂಡು ಹೋಗುವ ಹಕ್ಕಿಯೇ ಇಲ್ಲದಿರಬಹುದು. ಹಾಗಾಗಿ ಬದಲಾವಣೆ ಬಸ್ಸಿನಲ್ಲಿ ಬಂದರೆ ಗಿಡ ಬಸವನಹುಳುವಿನ ಬೆನ್ನ ಮೇಲೆ ಹೋಗಬೇಕಾಗಿದೆ.

ಗಿಡಕ್ಕೆ ನೋವಾಗುತ್ತಾ?

ನಮ್ಮ ಹಾಗೆ ಮಿದುಳು, ನರ ಗಿಡಕ್ಕಿಲ್ಲ. ಹಾಗಾಗಿ ನಮಗಾಗುವಂಥ ನೋವು ಅದಕ್ಕಿಲ್ಲ. ಆದರೆ ಮುಟ್ಟಿದರೆ, ಕತ್ತರಿಸಿದರೆ, ಬಾಯಾರಿದರೆ ಗಿಡಕ್ಕೆ ಗೊತ್ತಾಗುತ್ತದೆ. ಮುಟ್ಟಿದರೆ ಮುನಿ ಇದೆಯಲ್ಲ! ಜಗದೀಶಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆಯೇ ಯಂತ್ರಗಳನ್ನು ಕಟ್ಟಿ ಗಿಡಗಳ ಸೂಕ್ಷ್ಮ ಚಲನೆ ಅಳೆದಿದ್ದರು.

## ನಮ್ಮ ಕಾಡು, ನಮ್ಮ ಗಿಡ

ನಮ್ಮ ತೋಟದ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ಅಡಿಕೆ ಮರಾನೂ ಅಳಿದು ಹೋಗುತ್ತಾ?

ಮಲೆನಾಡಿನ ಯಾವ ಶಾಲೆಗೆ ಹೋದರೂ ಈ ಪ್ರಶ್ನೆ ಇದ್ದೇ ಇರುತ್ತದೆ. ಕೇಳುವಾಗ ಮಕ್ಕಳ ಮುಖದಲ್ಲಿ ಮನೆಯ ಚಿಂತೆ ಕಾಣುತ್ತದೆ.

ಕಾಯಿಲೆ ಬೀಳುವುದು ಬೇರೆ, ಅಳಿಯುವುದು ಬೇರೆ. ಎಲೆಚುಕ್ಕಿಯಿಂದ ನಿಮ್ಮ ಮನೆಯವರಿಗೆ ನಷ್ಟ ಆಗುವುದು ನಿಜ. ಆದರೆ ಅಡಿಕೆ ಮರಗಳು ಲಕ್ಷಗಟ್ಟಲೆ ಇವೆ. ಔಷಧಿ ಹೊಡೆಯಲು, ಹೊಸ ಸಸಿ ನೆಡಲು ಜನ ಇದ್ದಾರೆ. ಕಾಡಿನ ಗಿಡಕ್ಕೆ ಹೀಗೆ ನೋಡಿಕೊಳ್ಳುವವರಿಲ್ಲ. ಒಂದು ಜಾತಿಯ ಗಿಡ ಇಡೀ ಭೂಮಿಯ ಮೇಲೆ ಒಂದೆರಡು ಜಾಗದಲ್ಲಿ ಮಾತ್ರ ಉಳಿದಿದ್ದು, ಅಲ್ಲೂ ಸಸಿಗಳು ಬೆಳೆಯುತ್ತಿಲ್ಲ ಅಂದರೆ ಅದು ಅಳಿವಿನ ಅಂಚಿನಲ್ಲಿದೆ ಅಂತ ಅರ್ಥ. ಅಂಥ ಜೀವಿಗಳ ಲೆಕ್ಕ ಇಡಲು ‘ಕೆಂಪು ಪಟ್ಟಿ’ ಅಂತ ಒಂದಿದೆ. ನಮ್ಮ ಶ್ರೀಗಂಧ, ಸೀತಾ ಅಶೋಕ ಎರಡೂ ಆ ಪಟ್ಟಿಯಲ್ಲಿ ಅಪಾಯದ ಸಾಲಿನಲ್ಲಿವೆ.

ನೀರಲ್ಲೇ ನಿಂತ್ರೆ ಗಿಡ ಕೊಳೆಯುತ್ತೆ ಅಂತ ಅಪ್ಪ ಹೇಳ್ತಾರೆ. ಕತ್ತಲೆಕಾನಿನ ಮರ ಯಾಕೆ ಕೊಳೆಯಲ್ಲ?

ಅಪ್ಪ ಹೇಳಿದ್ದು ಸರಿ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಗಾಳಿ ಇರುವುದಿಲ್ಲ. ಎರಡು ತೆಂಗಿನ ಕರಟದಲ್ಲಿ ಮಣ್ಣು ತುಂಬಿ ಹೆಸರುಕಾಳು ಬಿತ್ತಿ. ಒಂದರ ತಳಕ್ಕೆ ತೂತಿರಲಿ, ಇನ್ನೊಂದಕ್ಕೆ ಬೇಡ. ತೂತಿಲ್ಲದ್ದರಲ್ಲಿ ನೀರು ನಿಲ್ಲುವಷ್ಟು ಹಾಕಿ. ವಾರದಲ್ಲಿ ಅಪ್ಪನ ಮಾತು ಕಣ್ಣಿಗೆ ಕಾಣುತ್ತದೆ, ಮೂಗಿಗೂ ಗೊತ್ತಾಗುತ್ತದೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕ ಕಾಡು. ಕಾನು ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು, ಅದರ ಒಳಗೆ ಮಧ್ಯಾಹ್ನವೂ ಮಬ್ಬು. ಅಲ್ಲಿ ಕಣಿವೆಯ ತಳದಲ್ಲಿ ತೊರೆ ಹರಡಿಕೊಂಡು ಹರಿಯುವ ಜೌಗು ಜಾಗಗಳಿವೆ. ಅವನ್ನು ರಾಮಪತ್ರೆ ಜಡ್ಡಿ ಅನ್ನುತ್ತಾರೆ. ಮೊದಲ ಸಲ ಹೋದಾಗ ನನ್ನ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಬಗ್ಗಿ ಎಳೆಯುವಾಗ ಕೈಗೆ ಏನೋ ಗಟ್ಟಿಯಾದದ್ದು ತಾಗಿತು. ನೋಡಿದರೆ ಬೇರು! ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿದಿತ್ತು. ಥೇಟ್ ಮಡಚಿದ ಮೊಣಕಾಲು. ಸುತ್ತ ನೋಡಿದರೆ ನೆಲದ ತುಂಬಾ ಅಂಥವೇ. ಇನ್ನು ಕೆಲವು ಮರಗಳು ಕಾಂಡದಿಂದ ಕೋಲಿನಂಥ ಬೇರು ಇಳಿಬಿಟ್ಟು, ಮರಗಾಲು ಕಟ್ಟಿಕೊಂಡವರ ಹಾಗೆ ನಿಂತಿದ್ದವು. ನೀರಿನ ಮೇಲೆ ತಲೆ ಎತ್ತಿದ ಈ ಬೇರುಗಳಿಂದಲೇ ಮರ ಉಸಿರಾಡುತ್ತದೆ. ಅಡುಗೆಮನೆಯ ಜಾಯಿಕಾಯಿಯ ಬಳಗದ ಮರಗಳು ಇವು.

ಕೆಸರಿನಲ್ಲೇ ಇರಲು ಇಷ್ಟೆಲ್ಲ ತಯಾರಿ ಮಾಡಿಕೊಂಡ ಮರಕ್ಕೆ ಒಣ ನೆಲದಲ್ಲಿ ಬದುಕು ಕಷ್ಟ. ಮೇಲಿನ ಗುಡ್ಡದ ಕಾಡು ಹೋದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ, ಬೇಸಿಗೆಗೆ ತೊರೆ ಬತ್ತುತ್ತದೆ. ತೋಟಕ್ಕೆ ಅಂತ ತೊರೆ ತಿರುಗಿಸಿದರೂ ಅದೇ ಕಥೆ. ಹಿಂದೆ ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾದವು, ತೋಟವಾದವು. ಸಮತಟ್ಟು, ಸದಾ ನೀರು! ರೈತನಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಈಗ ಅಲ್ಲಲ್ಲಿ ತುಂಡು ತುಂಡು ಉಳಿದಿವೆ.

2000ದ ಸುಮಾರಿಗೆ ಅಲ್ಲೊಂದು ಮರ ವಿಜ್ಞಾನಕ್ಕೇ ಹೊಸದು ಅಂತ ಗೊತ್ತಾಯಿತು. ಊರಿನ ನೆನಪಿಗೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟರು. ಒಂದೇ ಉಸಿರಲ್ಲಿ ಹೇಳಿ ನೋಡಿ! ಮಾವು, ಗೋಡಂಬಿಯ ಕುಟುಂಬದ್ದು. ಹೆಸರು ಸಿಗುವ ಹೊತ್ತಿಗಾಗಲೇ ಅದು ಅಳಿವಿನ ಅಂಚಿಗೆ ಬಂದಿತ್ತು.

ಬೀಜ ತಂದು ಡಬ್ಬಿಯಲ್ಲಿ ಹಾಕಿಟ್ರೆ ಆಯ್ತಲ್ಲ?

ಒಳ್ಳೆಯ ಉಪಾಯ. ದೊಡ್ಡವರೂ ಅದನ್ನೇ ಮಾಡಿದ್ದಾರೆ. ನಾರ್ವೆ ದೇಶದ ಸ್ವಾಲ್‌ಬಾರ್ಡ್ ಅನ್ನುವ ಹಿಮದ ದ್ವೀಪದಲ್ಲಿ ಬೆಟ್ಟ ಕೊರೆದು ಬೀಜದ ಕಣಜ ಕಟ್ಟಿದ್ದಾರೆ. 2008ರಲ್ಲಿ ಶುರುವಾಯಿತು. ದೆಹಲಿಯಲ್ಲೂ ದೊಡ್ಡ ಬೀಜ ಭಂಡಾರವಿದೆ. ಭತ್ತ, ರಾಗಿ, ಗೋಧಿಯಂಥವನ್ನು ಚೆನ್ನಾಗಿ ಒಣಗಿಸಿ ತಣ್ಣಗೆ ಇಟ್ಟರೆ ಎಷ್ಟೋ ವರ್ಷ ಜೀವ ಹಿಡಿದುಕೊಂಡಿರುತ್ತವೆ.

ರಾಮಪತ್ರೆ ಬೀಜಕ್ಕೆ ಇದು ಆಗಿಬರುವುದಿಲ್ಲ. ಒಣಗಿಸಿದರೆ ಸತ್ತಿತು. ಹಲಸಿನ ಬೀಜ, ಮಾವಿನ ಗೊರಟೆಗಳೂ ಹೀಗೇ. ಮಳೆಕಾಡಿನಲ್ಲಿ ನೆಲ ಸದಾ ತೇವ. ಬಿದ್ದ ಕೂಡಲೇ ಮೊಳೆಯಬಹುದಾದ ಕಡೆ ಬೀಜ ಕಾಯುವುದನ್ನು ಯಾಕೆ ಕಲಿಯಬೇಕು? ಹಾಗಾಗಿ ಈ ಮರಗಳಿಗೆ ಡಬ್ಬಿ ಅಂದರೆ ಕಾಡೇ.

ಹಕ್ಕಿ ಹೋದ್ರೆ ಮರ ಯಾಕೆ ಹೋಗುತ್ತೆ?

ಮಂಗಟ್ಟೆ ಹಕ್ಕಿ ಗೊತ್ತಲ್ಲ? ಇಷ್ಟುದ್ದ ಕೊಕ್ಕು, ದಾಂಡೇಲಿ ಕಡೆ ಚೆನ್ನಾಗಿ ಕಾಣಸಿಗುತ್ತದೆ. ಜಾಯಿಕಾಯಿ ಬಳಗದ ಕಾಯಿ ಒಡೆದಾಗ ಒಳಗೆ ಬೀಜದ ಸುತ್ತ ಬಲೆಯಂಥ ಬಣ್ಣದ ಹೊದಿಕೆ ಕಾಣುತ್ತದೆ, ಅದೇ ಪತ್ರೆ. ಮಂಗಟ್ಟೆ ಬೀಜವನ್ನೂ ಸೇರಿಸಿ ನುಂಗುತ್ತದೆ. ಪತ್ರೆ ಹೊಟ್ಟೆಯಲ್ಲಿ ಉಳಿಯುತ್ತದೆ, ಬೀಜವನ್ನು ದೂರದಲ್ಲೆಲ್ಲೋ ಕಕ್ಕುತ್ತದೆ. ಇಷ್ಟು ದೊಡ್ಡ ಬೀಜ ನುಂಗುವ ಗಂಟಲು ಗುಬ್ಬಿಗಿಲ್ಲ, ಪಿಕಳಾರಕ್ಕೂ ಇಲ್ಲ.

ಆದರೆ ಮಂಗಟ್ಟೆ ಗೂಡು ಮಾಡುವುದು ಹಳೆಯ, ದಪ್ಪ ಮರದ ಪೊಟರೆಯಲ್ಲಿ. ಅಂಥ ಮರ ಇಲ್ಲದಿದ್ದರೆ ಮರಿ ಮಾಡುವುದಿಲ್ಲ. ಮರಕ್ಕೆ ಹಕ್ಕಿ ಬೇಕು, ಹಕ್ಕಿಗೆ ಮರ ಬೇಕು. ಈ ನಡುವೆ ಪತ್ರೆಗೆ ಪೇಟೆಯಲ್ಲಿ ಒಳ್ಳೆ ರೇಟ್ ಇದೆ ಅಂತ ಕಾಯಿ ಬಲಿಯುವ ಮೊದಲೇ ಟೊಂಗೆ ಸಮೇತ ಇಳಿಸುವವರೂ ಇದ್ದಾರೆ.

ಅಪ್ಪೆಮಿಡಿ ಮೊದಲಿನ ಹಾಗೆ ಸಿಗಲ್ಲ ಅಂತ ಅಜ್ಜಿ ಹೇಳ್ತಾರೆ. ಅದೂ ಪರಿಸರ ಬದಲಾವಣೆನಾ?

ಅರ್ಧ ಅದು, ಇನ್ನರ್ಧ ನಮ್ಮ ನಾಲಿಗೆ. ಅಪ್ಪೆಮಿಡಿ ಹೊಳೆದಂಡೆಯ ಕಾಡುಮಾವು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ (1964ರಲ್ಲಿ ಮುಗಿಯಿತು) ದಂಡೆಗಳ ಜೊತೆ ಎಷ್ಟೋ ಅಪ್ಪೆಮರಗಳೂ ಮುಳುಗಿದವು.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಉಪ್ಪಿನಕಾಯಿಗೆ ಬೇಕಾದದ್ದು ಎಳೆ ಮಿಡಿ, ತೊಟ್ಟು ಸಮೇತ, ಮುರಿದರೆ ಸೊನೆ ಘಮ್ಮೆನ್ನುವಂಥದ್ದು. ಎಲ್ಲ ಮಿಡಿಯೂ ಭರಣಿ ಸೇರಿದರೆ ಹಣ್ಣಾಗುವುದು ಯಾವುದು? ಗೊರಟೆ ನೆಲಕ್ಕೆ ಬೀಳುವುದು ಯಾವಾಗ? ಕೊಯ್ಲಿಗೆ ಅಂತ ಟೊಂಗೆಯನ್ನೇ ಕಡಿದರಂತೂ ಮುಂದಿನ ವರ್ಷದ ಹೂವೂ ಹೋಯಿತು. ಸಮಾಧಾನ ಅಂದರೆ ಮಲೆನಾಡಿನ ರೈತರು ಒಳ್ಳೆಯ ಮರಗಳ ಕುಡಿ ತಂದು ಕಸಿ ಕಟ್ಟಿ ತೋಟದಲ್ಲೇ ಬೆಳೆಸುತ್ತಿದ್ದಾರೆ.

ಮಳೆ ಬಂದ್ರೆ ಗಿಡಕ್ಕೆ ಖುಷಿ ಅಲ್ವಾ? ಅಕಾಲ ಮಳೆ ಅಂತ ಯಾಕೆ ಬೈತಾರೆ?

ಮಾವು ಹೂ ಬಿಟ್ಟಾಗ ಮಳೆ ಬಂದರೆ ಹೂವು ಉದುರುತ್ತದೆ. ಮೋಡ ಕವಿದರೆ ಬೂದಿ ರೋಗ, ಜಿಗಿಹುಳು ಜೋರಾಗುತ್ತವೆ. ಕಾಫಿಯದು ಇನ್ನೂ ನಾಜೂಕು. ಕೊಡಗು, ಚಿಕ್ಕಮಗಳೂರಿನಲ್ಲಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ಹೂಮಳೆಗೆ ಮೊಗ್ಗು ಅರಳುತ್ತವೆ, ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಅದೇ ಮಳೆ ಹೂ ಅರಳಿದ ದಿನ ಸುರಿದರೆ ಪರಾಗ ತೊಳೆದು ಹೋಗಿ ಕಾಯಿ ಕಚ್ಚುವುದಿಲ್ಲ. ಅಷ್ಟೇ ಮಳೆ, ನಾಲ್ಕಾರು ದಿನದ ವ್ಯತ್ಯಾಸ.

ಗುಡ್ಡದ ಮೇಲೆ ತಂಪಿರುತ್ತೆ. ಗಿಡಗಳೆಲ್ಲ ಅಲ್ಲಿಗೆ ಹೋಗಲಿ!

ಹೋಗುತ್ತಿವೆ! ಜಗತ್ತಿನ ಹಲವು ಪರ್ವತಗಳಲ್ಲಿ ಗಿಡಗಳು ಮೆಲ್ಲಗೆ ಮೇಲೇರುವುದನ್ನು ನೋಡಿದ್ದಾರೆ. ಒಂದು ಲೆಕ್ಕ ಮಾಡೋಣ. 100 ಮೀಟರ್ ಮೇಲೆ ಹತ್ತಿದರೆ ಸುಮಾರು 0.6 ಡಿಗ್ರಿ ತಂಪು. ಹಾಗಾದರೆ ಒಂದು ಡಿಗ್ರಿ ಬಿಸಿ ಜಾಸ್ತಿಯಾದರೆ ಮೊದಲಿನ ತಂಪಿಗಾಗಿ ಎಷ್ಟು ಹತ್ತಬೇಕು? 160 ಮೀಟರಿಗೂ ಮೇಲೆ.

ಈಗ ಮುಳ್ಳಯ್ಯನಗಿರಿಗೆ ಬನ್ನಿ. ಸುಮಾರು 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇಲ್ಲ. ತುದಿಯಲ್ಲಿರುವ ಗಿಡ ಇನ್ನೂ 160 ಮೀಟರ್ ಹತ್ತಬೇಕು ಅಂದರೆ ಎಲ್ಲಿಗೆ ಹತ್ತುವುದು? ಮೇಲೆ ಆಕಾಶ ಮಾತ್ರ ಇದೆ.

ಅಲ್ಲಿನ ಹುಲ್ಲುಗುಡ್ಡದಲ್ಲೇ 2022ರಲ್ಲಿ ನೀಲಿ ಕುರಿಂಜಿ ಅರಳಿತ್ತು. ಗುರಿಗೆ ಅಂತಲೂ ಕರೆಯುತ್ತಾರೆ. 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಗಿಡ ಸಾಯುತ್ತದೆ. ಜೀವಮಾನಕ್ಕೆ ಒಂದೇ ಪರೀಕ್ಷೆ, ಸಪ್ಲಿಮೆಂಟರಿ ಇಲ್ಲ! ಹನ್ನೊಂದನೇ ವರ್ಷ ಬೆಂಕಿ ಬಿದ್ದರೆ, ಅಥವಾ ನೋಡಲು ಬಂದವರು ಹೂವಿನ ಕಂತೆ ಕಟ್ಟಿಕೊಂಡು ಹೋದರೆ ಮುಂದಿನ ಸಲಕ್ಕೆ ಬೀಜ ಎಲ್ಲಿಂದ ಬರಬೇಕು?

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಕಾರ್ಬನ್ ಡೈಆಕ್ಸೈಡ್ ಗಿಡಕ್ಕೆ ಬೇಕು ತಾನೆ? ಅದು ಜಾಸ್ತಿ ಆದ್ರೆ ಕಾಡೂ ಜಾಸ್ತಿ ಆಗ್ಬೇಕಲ್ವಾ?

ಐದನೇ ಕ್ಲಾಸಿನ ಹುಡುಗನೊಬ್ಬ ಇದನ್ನು ಕೇಳಿದಾಗ ಅವನ ಮೇಷ್ಟ್ರು ನನ್ನ ಮುಖ ನೋಡಿದರು. ಪ್ರಶ್ನೆ ಅಷ್ಟು ಸರಿಯಾಗಿತ್ತು.

1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಕಾರ್ಬನ್ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಇದರಿಂದ ಕೆಲವು ಗಿಡಗಳು ಸ್ವಲ್ಪ ಬೇಗ ಬೆಳೆಯುವುದು ನಿಜ. ಆದರೆ ಅಕ್ಕಿ ಜಾಸ್ತಿ ತಂದ ಮಾತ್ರಕ್ಕೆ ಊಟ ಜಾಸ್ತಿ ಆಗುವುದಿಲ್ಲ. ಬೇಳೆ, ನೀರು, ಉಪ್ಪೂ ಬೇಕು. ಗಿಡಕ್ಕೂ ಮಣ್ಣಿನ ಸತ್ವ, ನೀರು ಬೇಕು. ಅದೇ ಗಾಳಿ ಭೂಮಿಯನ್ನು ಬಿಸಿ ಮಾಡಿ ನೀರಿನ ಲೆಕ್ಕ ಕೆಡಿಸುತ್ತದೆ. ಗದ್ದೆಗೆ ಈ ಗಾಳಿ ಜಾಸ್ತಿ ಬಿಟ್ಟು ಭತ್ತ, ಗೋಧಿ ಬೆಳೆದು ನೋಡಿದ್ದಾರೆ. ಕಾಳಿನಲ್ಲಿ ಪ್ರೋಟೀನ್, ಕಬ್ಬಿಣ, ಸತು ಕಡಿಮೆಯಾಗಿತ್ತು.

ಲಂಟಾನ ಎಲ್ಲಾ ಕಡೆ ಚೆನ್ನಾಗಿ ಬೆಳೀತಿದೆ. ಅದೂ ಗಿಡಾನೇ ತಾನೆ?

ಗಿಡವೇ, ಹೂವೂ ಚೆಂದ. ಚೆಂದ ಅಂತಲೇ ಸುಮಾರು 200 ವರ್ಷದ ಹಿಂದೆ ಅಮೆರಿಕ ಖಂಡದಿಂದ ತಂದರು. ಇಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುವ ಹುಳಗಳಿಲ್ಲ, ದನ ಮುಟ್ಟುವುದಿಲ್ಲ, ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಪೊದೆಯಡಿ ಬೇರೆ ಸಸಿಗೆ ಬೆಳಕೇ ಸಿಗದಂತಾಗಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಇದಕ್ಕೊಂದು ಕಾರಣ ಹೇಳುತ್ತಾರೆ. ಮೊದಲು ಅವರು ಬೇಸಿಗೆ ಏರುವ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ತರಗು ಬೆಂಕಿ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿಮರದ ಮೇಲೆ ಉಪ್ಪಿಲು ಅನ್ನುವ ಬದನಿಕೆಯೂ (ಬೇರೆ ಮರದ ಮೇಲೆ ಕೂತು ಅದರ ಸತ್ವ ಹೀರುವ ಗಿಡ) ಹೆಚ್ಚಿತು ಅನ್ನುತ್ತಾರೆ. ಕಾಡಿನೊಳಗೇ ಬದುಕಿದವರ ಮಾತನ್ನು ಸಂಶೋಧಕರೂ ಈಗ ಗಮನವಿಟ್ಟು ಕೇಳುತ್ತಿದ್ದಾರೆ, ಮೊದಲೇ ಕೇಳಬೇಕಿತ್ತು. (ನೀವು ಮಾತ್ರ ಕಾಡಿನ ಹತ್ತಿರ ಬೆಂಕಿಪೊಟ್ಟಣ ಮುಟ್ಟಬೇಡಿ!)

ಡೈನೋಸಾರ್ ಕಾಲದ ಗಿಡಗಳೂ ಹೋದ್ವಲ್ಲ? ಈಗ ಹೋದ್ರೆ ಏನಂತೆ?

ಹೋದವು, ನಿಜ. ಆದರೆ ಸಾಮಾನ್ಯವಾಗಿ ಒಂದು ಹೋಗುವಷ್ಟರಲ್ಲಿ ಇನ್ನೊಂದು ಬರಲು ಸಮಯ ಇರುತ್ತಿತ್ತು. 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಕಳೆದ ಸುಮಾರು 250 ವರ್ಷಗಳಲ್ಲಿ 571 ಜಾತಿಯ ಗಿಡಗಳು ಅಳಿದಿದ್ದವು. ಮನುಷ್ಯರು ಇಲ್ಲದಿದ್ದರೆ ಇಷ್ಟು ಬೇಗ ಹೋಗುತ್ತಿರಲಿಲ್ಲ.

ಕೆಲವು ಹೋಗಿಲ್ಲ, ಇವೆ ಅಂತಲೂ ಹೇಳುವಂತಿಲ್ಲ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ಈಚಲಿನ ಹಾಗೆ ಕಾಣುವ ಸೈಕಾಡ್ ಗಿಡವೊಂದು ಸಿಕ್ಕಿತು. ಗಂಡು ಗಿಡ. ಎಷ್ಟು ಹುಡುಕಿದರೂ ಹೆಣ್ಣು ಇನ್ನೂ ಸಿಕ್ಕಿಲ್ಲ. ಅದರ ಮರಿಕಂದುಗಳನ್ನು ಕಿತ್ತು ಬೇರೆ ಬೇರೆ ಊರುಗಳ ಸಸ್ಯತೋಟಗಳಲ್ಲಿ ಬೆಳೆಸಿದ್ದಾರೆ. ಎಲ್ಲವೂ ಗಂಡೇ, ಒಂದಕ್ಕೂ ಬೀಜವಿಲ್ಲ. ರಾಮಪತ್ರೆಯಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ‘ಇನ್ನೂ ಹತ್ತು ಮರ ಇವೆಯಲ್ಲ’ ಅಂತ ಯಾರಾದರೂ ಅಂದರೆ, ಅದರಲ್ಲಿ ಹೆಣ್ಣು ಎಷ್ಟು ಅಂತ ಕೇಳಿ.

ವನಮಹೋತ್ಸವಕ್ಕೆ ಗಿಡ ನೆಟ್ಟಿದ್ದೀವಿ. ಅಷ್ಟು ಸಾಕಾ?

ನೆಟ್ಟಿದ್ದು ಒಳ್ಳೆಯದು. ಬೇಸಿಗೆಯಲ್ಲಿ ನೀರು ಹಾಕಿದಿರಾ ಅನ್ನುವುದು ನನ್ನ ಮೊದಲ ಪ್ರಶ್ನೆ. ಎಷ್ಟೋ ಕಡೆ ಪ್ರತಿ ಜುಲೈನಲ್ಲಿ ಅದೇ ಗುಂಡಿಗೆ ಹೊಸ ಸಸಿ ಬೀಳುತ್ತದೆ. ಎರಡನೆಯದು, ಯಾವ ಗಿಡ? ಮಲೆನಾಡಿನ ಗುಡ್ಡಗಳ ಮೇಲೆ ಸಾಲುಸಾಲು ಅಕೇಶಿಯಾ ನೆಟ್ಟಿದ್ದಾರೆ. ದೂರದಿಂದ ಹಸಿರೇ. ಒಳಗೆ ಹೋದರೆ ನೆಲದ ತುಂಬಾ ಅದರದೇ ಒಣ ತರಗು, ಬೇರೆ ಸಸಿ ಅಪರೂಪ. ಅದು ಮರಗಳ ತೋಟ, ಕಾಡಲ್ಲ. ಇರುವ ಕಾಡನ್ನು ಅದರ ಪಾಡಿಗೆ ಬಿಡುವುದು ಹತ್ತು ವನಮಹೋತ್ಸವಕ್ಕೆ ಸಮ ಅಂತ ನನ್ನ ಲೆಕ್ಕ.

ನಾವು ಚಿಕ್ಕವರು. ನಮ್ಮಿಂದ ಏನಾಗುತ್ತೆ?

ಒಂದು ನೋಟ್‌ಬುಕ್ ತಗೊಳ್ಳಿ, ಒಂದು ಮರ ಆರಿಸಿಕೊಳ್ಳಿ. ದಿನಾ ನೋಡುವಂಥದ್ದು, ಶಾಲೆ ಹತ್ತಿರದ ಹೊಂಗೆಯೋ ಹಿತ್ತಲಿನ ಮಾವೋ. ವಾರಕ್ಕೊಮ್ಮೆ ಬರೆಯಿರಿ: ಚಿಗುರು ಇದೆಯಾ, ಹೂವು ಇದೆಯಾ, ಕಾಯಿ ಇದೆಯಾ. ತಾರೀಖು ಹಾಕಿ. ಸೀಸನ್‌ವಾಚ್ ಅನ್ನುವ ಕೆಲಸದಲ್ಲಿ ದೇಶದ ಎಷ್ಟೋ ಶಾಲೆಗಳ ಮಕ್ಕಳು ಮಾಡುತ್ತಿರುವುದು ಇದನ್ನೇ. ಮರಗಳ ಲೆಕ್ಕ ತಪ್ಪುತ್ತಿದೆಯಾ ಅಂತ ತಿಳಿಯಲು ಹಳೆಯ ತಾರೀಖುಗಳು ಬೇಕು. ನಮ್ಮಲ್ಲಿ ಅವು ತುಂಬಾ ಕಡಿಮೆ. ಮೊದಲ ವರ್ಷ ಬೋರ್ ಆಗಬಹುದು. ಮೂರನೇ ವರ್ಷದ ಪುಟವನ್ನು ಮೊದಲನೆಯದರ ಪಕ್ಕ ಇಟ್ಟು ನೋಡುವಾಗ ಮಜಾ ಶುರುವಾಗುತ್ತದೆ.

ಕತ್ತಲೆಕಾನಿಗೆ ನಮ್ಮನ್ನೂ ಕರ್ಕೊಂಡು ಹೋಗ್ತೀರಾ?

ಅರಣ್ಯ ಇಲಾಖೆಯ ಅನುಮತಿ ಬೇಕು, ಮನೆಯವರ ಒಪ್ಪಿಗೆ ಬೇಕು, ಗುಂಪು ಚಿಕ್ಕದಿರಬೇಕು. ಮೊಣಕಾಲು ಬೇರುಗಳ ಮೇಲೆ ಕಾಲಿಡುವಂತಿಲ್ಲ, ಪಕ್ಕದ ಕೆಸರಿನಲ್ಲೇ ನಡೆಯಬೇಕು. ಬಿದ್ದ ಬೀಜ ಮುಟ್ಟಿ ನೋಡಬಹುದು, ಜೇಬಿಗೆ ಹಾಕುವಂತಿಲ್ಲ. ಮತ್ತೆ, ಮಳೆಗಾಲದಲ್ಲಿ ಬರುವುದಾದರೆ ಉಂಬಳಕ್ಕೆ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗೆ, ಉಪ್ಪೋ ಸುಣ್ಣವೋ ತನ್ನಿ. ಕಳೆದ ಸಲ ನಾನು ತರಲು ಮರೆತು, ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ಏಳು ಸಿಕ್ಕಿದ್ದವು.